ವಾರ್ಡ್ ಇನ್‌ಚಾರ್ಜ್ ಆಗಿದ್ದೀರಾ? ಮೊದಲ ತಿಂಗಳ ಕೆಲಸ, ಒಂದೊಂದಾಗಿ

ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ, ನರ್ಸಿಂಗ್ ಓದಿದವರಿಗೂ ಬರವಿಲ್ಲ. ಆದರೂ ಪ್ರತಿ ವರ್ಷ ಒಂದೇ ದೃಶ್ಯ ನೋಡುತ್ತೇನೆ. ಏಳೆಂಟು ವರ್ಷ ಒಳ್ಳೆ ಹೆಸರು ತಗೊಂಡ ಸ್ಟಾಫ್ ನರ್ಸ್ ಒಬ್ಬರನ್ನು ವಾರ್ಡ್ ಇನ್‌ಚಾರ್ಜ್ ಮಾಡುತ್ತಾರೆ. ಮೂರನೇ ವಾರಕ್ಕೆ ಅವರು ಡ್ರೆಸ್ಸಿಂಗ್ ರೂಮಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ.

ಕೈ ಚುರುಕಾಗಿರುವವರೇ ಇಲ್ಲಿ ಜಾಸ್ತಿ ಸೋಲುತ್ತಾರೆ. ಹೊಸ ಹುಡುಗಿ ಎರಡು ಸಲ ಚುಚ್ಚಿ ನರ ಸಿಗದೆ ನಿಂತಿರುತ್ತಾಳೆ. ಇವರು ‘ಕೊಡು ಇಲ್ಲಿ’ ಅಂತ ಕ್ಯಾನುಲಾ (ಡ್ರಿಪ್ ಹಾಕಲು ನರದಲ್ಲಿ ಕೂರಿಸುವ ಕೊಳವೆ) ಇಸ್ಕೊಂಡು ಕೂತುಬಿಡುತ್ತಾರೆ. ಆ ಹತ್ತು ನಿಮಿಷದಲ್ಲಿ ಬ್ಲಡ್ ಬ್ಯಾಂಕಿನಿಂದ ಬಂದ ರಕ್ತದ ಚೀಲ ಕೌಂಟರ್ ಮೇಲೆ ಅನಾಥವಾಗಿ ಬಿದ್ದಿರುತ್ತದೆ. ಅತ್ತ 14ನೇ ಬೆಡ್‌ನವರು ‘ಉಸಿರು ಕಟ್ಟುತ್ತಿದೆ’ ಅಂದದ್ದು ಯಾರ ಕಿವಿಗೂ ಬಿದ್ದಿರುವುದಿಲ್ಲ. ಇನ್‌ಚಾರ್ಜ್ ಕೂತು ತಲೆ ಬಗ್ಗಿಸಿದರೆ ವಾರ್ಡಿಗೆ ಕಣ್ಣಿಲ್ಲ.

ಕೆಳಗಿನ ಕ್ರಮದಲ್ಲೇ ಹೋಗಿ. ಡ್ಯೂಟಿ ಲಿಸ್ಟ್‌ನಿಂದ ಶುರು ಮಾಡಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡಿ ಮೊದಲ ದಿನವೇ ಜಗಳ ತಂದುಕೊಳ್ಳುತ್ತಾರೆ.

## ಕೈಯಲ್ಲಿ ಏನಿರಬೇಕು

ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಸೆಕೆಂಡ್ ಮುಳ್ಳಿರುವ ವಾಚ್, ಸಣ್ಣ ಟಾರ್ಚ್, ಬಿಳಿ ಪ್ಲಾಸ್ಟರ್ ಟೇಪ್, ಮಾರ್ಕರ್. ಗೋಡೆಗೆ ಒಂದು ಫೋನ್ ಪಟ್ಟಿ ಅಂಟಿಸಿ. ಡ್ಯೂಟಿ ಡಾಕ್ಟರ್, ಬ್ಲಡ್ ಬ್ಯಾಂಕ್, ಆಕ್ಸಿಜನ್ ರೂಮ್, ಎಲೆಕ್ಟ್ರಿಷಿಯನ್, ಸೆಕ್ಯುರಿಟಿ, ಪಕ್ಕದ ಐಸಿಯು, ಇಷ್ಟೂ ಅದರಲ್ಲಿ ಇರಲಿ. ನಂಬರುಗಳು ನಿಮ್ಮ ಮೊಬೈಲ್‌ನಲ್ಲಿದ್ದರೆ ರಾತ್ರಿ ಎರಡು ಗಂಟೆಗೆ ಯಾರಿಗೂ ಉಪಯೋಗವಿಲ್ಲ.

## ಹಂತ 1: ಮೊದಲ ಮೂರು ದಿನ ಎಣಿಸಿ, ಏನನ್ನೂ ಬದಲಿಸಬೇಡಿ

ಹಳೆ ಇನ್‌ಚಾರ್ಜ್ ಸ್ಟಾಕ್ ರಿಜಿಸ್ಟರ್ ಮುಂದಿಟ್ಟು ‘ಎಲ್ಲಾ ಸರಿ ಇದೆ, ಸಹಿ ಹಾಕಿ’ ಅನ್ನುತ್ತಾರೆ. ಹಾಕಬೇಡಿ. ಬಿಪಿ ಮೆಷಿನ್, ಪಲ್ಸ್ ಆಕ್ಸಿಮೀಟರ್, ಗ್ಲೂಕೋಮೀಟರ್, ಸಕ್ಷನ್, ಇನ್‌ಫ್ಯೂಷನ್ ಪಂಪ್, ಹೊದಿಕೆ, ಬೆಡ್‌ಶೀಟ್ ಎಲ್ಲವನ್ನೂ ಅವರ ಎದುರಲ್ಲೇ ಕೈಯಿಂದ ಮುಟ್ಟಿ ಎಣಿಸಿ. ಇದೆ ಅನ್ನುವುದಷ್ಟೇ ಸಾಲದು, ಆನ್ ಮಾಡಿ ನೋಡಿ.

ನಾನು ಮೊದಲ ಸಲ ಇನ್‌ಚಾರ್ಜ್ ಆದಾಗ ಮುಖ ನೋಡಿ ಸಹಿ ಹಾಕಿದೆ. ಆರು ತಿಂಗಳಾದ ಮೇಲೆ ಆಡಿಟ್ ಬಂತು. ಎರಡು ಆಕ್ಸಿಮೀಟರ್, ಹನ್ನೊಂದು ಹೊದಿಕೆ ಲೆಕ್ಕಕ್ಕೆ ಸಿಗಲಿಲ್ಲ. ಹಣ ನನ್ನ ಸಂಬಳದಿಂದ ಹೋಯಿತು. ಕೊಟ್ಟು ಹೋದವರು ಆಮೇಲೆ ಫೋನ್ ಎತ್ತಲಿಲ್ಲ, ಬಿಡಿ.

ಇದೇ ಮೂರು ದಿನದಲ್ಲಿ ಮೂರೂ ಶಿಫ್ಟ್ ನೋಡಿಬಿಡಿ. ರಾತ್ರಿ ಹತ್ತಕ್ಕೆ ಒಮ್ಮೆ ಸುಮ್ನೆ ಬಂದು ಒಂದು ಗಂಟೆ ಇದ್ದು ಹೋಗಿ. ಬೆಳಿಗ್ಗೆ ಕಾಣುವ ವಾರ್ಡೇ ಬೇರೆ, ರಾತ್ರಿ ಕಾಣುವುದೇ ಬೇರೆ.

## ಹಂತ 2: ಕುರ್ಚಿಗೆ ಮುಂಚೆ ಬೆಡ್

ಶಿಫ್ಟ್ ಎಂಟಕ್ಕಾದರೆ 7:40ಕ್ಕೆ ವಾರ್ಡಿನಲ್ಲಿರಿ. ಬ್ಯಾಗ್ ಇಟ್ಟವರೇ ಮೊದಲ ಬೆಡ್‌ನಿಂದ ಕೊನೆ ಬೆಡ್‌ವರೆಗೆ ನಡೆಯಿರಿ. ರಿಜಿಸ್ಟರ್ ಆಮೇಲೆ.

ಆಮೇಲೆ ಓವರ್, ಅಂದರೆ ಹಿಂದಿನ ಶಿಫ್ಟಿನವರು ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವುದು. ಓವರ್ ಕೊಡುವುದು, ತಗೊಳ್ಳುವುದು ಎರಡೂ ರೋಗಿಯ ಪಕ್ಕದಲ್ಲೇ ಆಗಬೇಕು. ನರ್ಸಿಂಗ್ ಸ್ಟೇಷನ್‌ನಲ್ಲಿ ಟೀ ಹಿಡಿದು ‘7 ಸೇಮ್, 8 ಸೇಮ್, 9 ಡಿಸ್ಚಾರ್ಜ್’ ಅಂತ ಓದಿದರೆ ಅದು ಓವರ್ ಅಲ್ಲ, ಹಾಜರಿ. ಪ್ರತಿ ರೋಗಿಗೆ ಐದು ಮಾತು ಸಾಕು. ಇವರು ಯಾರು. ಯಾಕೆ ಬಂದಿದ್ದಾರೆ. ರಾತ್ರಿ ಏನಾಯಿತು. ಈಗ ಹೇಗಿದ್ದಾರೆ. ಇವತ್ತು ಏನು ಬಾಕಿ ಇದೆ. ಒಬ್ಬರಿಗೆ ಒಂದು ನಿಮಿಷ. ಸೀರಿಯಸ್ ಇರುವವರಿಗೆ ಮೂರು.

ನಡೆಯುವಾಗ ನಿಮ್ಮ ಕಣ್ಣು ಎಲ್ಲಿ ನಿಲ್ಲಬೇಕು?

ಉಸಿರಾಟದ ಮೇಲೆ. ಚಾರ್ಟ್ ತೆರೆದು ನೋಡಿ, ವಾರ್ಡಿನಲ್ಲಿರುವ ಎಲ್ಲರಿಗೂ ನಿಮಿಷಕ್ಕೆ 20 ಅಂತ ಬರೆದಿರುತ್ತಾರೆ. ಮೂವತ್ತು ಜನ ಒಂದೇ ತಾಳಕ್ಕೆ ಉಸಿರಾಡೋದು ಸಾಧ್ಯನಾ? ಯಾರೂ ಎಣಿಸಿಲ್ಲ ಅಂತ ಅರ್ಥ. ರೋಗಿ ಕೆಡುವಾಗ ಬಿಪಿ ಬೀಳುವುದಕ್ಕೆ ಎಷ್ಟೋ ಹೊತ್ತು ಮುಂಚೆ ಉಸಿರು ಏರುತ್ತದೆ. 25 ದಾಟಿದರೆ ಡಾಕ್ಟರಿಗೆ ಫೋನ್ ಹೋಗಲೇಬೇಕು. ವಾಚ್ ಹಿಡಿದು ನೀವೇ ಒಬ್ಬರದನ್ನು ಪೂರ್ತಿ ಒಂದು ನಿಮಿಷ ಎಣಿಸಿ ತೋರಿಸಿ. ಮರುದಿನದಿಂದ ಚಾರ್ಟ್‌ನಲ್ಲಿ 16, 22, 18 ಅಂತ ಬೇರೆ ಬೇರೆ ನಂಬರ್ ಕಾಣಿಸತೊಡಗುತ್ತದೆ.

ಆಮೇಲೆ ಮೂತ್ರದ ಚೀಲ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಎಂ.ಎಲ್.ಗಿಂತ ಕಡಿಮೆ ಬರುತ್ತಿದ್ದರೆ ಅದು ಡಾಕ್ಟರ್ ರೌಂಡ್ಸ್‌ವರೆಗೆ ಕಾಯುವ ಸುದ್ದಿಯಲ್ಲ.

ನಮ್ಮ ಕಡೆಯ ಇನ್ನೊಂದು ವಿಷಯ. ಭದ್ರಾ ನಾಲೆಯ ಗದ್ದೆಗಳಲ್ಲಿ ಔಷಧಿ ಹೊಡೆಯುವ ದಿನಗಳಲ್ಲಿ ಕ್ರಿಮಿನಾಶಕದ ಕೇಸ್‌ಗಳು ವಾರ್ಡಿಗೆ ಬರುತ್ತವೆ. ಮೊದಲ ದಿನದ ಗಂಡಾಂತರ ಕಳೆದು ಐಸಿಯುನಿಂದ ಹೊರಗೆ ಬಂದವರನ್ನು ಎಲ್ಲರೂ ಮರೆತುಬಿಡುತ್ತಾರೆ. ಒಂದನೇ ದಿನದಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಅದರ ಮೊದಲ ಗುರುತು ಕುತ್ತಿಗೆ. ಪ್ರತಿ ಓವರ್‌ನಲ್ಲೂ ‘ದಿಂಬಿನಿಂದ ತಲೆ ಎತ್ತಿ ನೋಡೋಣ’ ಅನ್ನಿ. ನಿನ್ನೆ ಎತ್ತುತ್ತಿದ್ದವರು ಇವತ್ತು ಎತ್ತಲಾಗದೆ ನಿಮ್ಮ ಮುಖ ನೋಡಿದರೆ, ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 98 ಇದ್ದರೂ ಡಾಕ್ಟರನ್ನು ಕರೆಯಿರಿ.

## ಹಂತ 3: ಕ್ರ್ಯಾಶ್ ಕಾರ್ಟ್ ಮತ್ತು ಆಕ್ಸಿಜನ್, ಪ್ರತಿ ಶಿಫ್ಟ್

ಓವರ್ ಮುಗಿದ ತಕ್ಷಣ ಇದು. ತಿಂಡಿಗೆ ಮುಂಚೆ.

ಕ್ರ್ಯಾಶ್ ಕಾರ್ಟಿಗೆ (ತುರ್ತು ಔಷಧಿ, ಉಪಕರಣಗಳ ಟ್ರಾಲಿ) ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಹಾಕಿ. ಸೀಲ್ ಮುರಿದಿಲ್ಲ, ನಂಬರ್ ನಿನ್ನೆಯದೇ ಅಂದರೆ ಒಳಗಿನದನ್ನು ದಿನಾ ಎಣಿಸುವ ಕೆಲಸ ತಪ್ಪುತ್ತದೆ. ತಿಂಗಳಿಗೊಮ್ಮೆ ಒಡೆದು ಎಕ್ಸ್‌ಪೈರಿ ನೋಡಿ. ಸೀಲ್ ಒಳಗೆ ಇಟ್ಟು ಮರೆಯಬಾರದ್ದು ಎರಡು: ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ದೀಪದ ಉಪಕರಣ) ಮತ್ತು ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ). ಲ್ಯಾರಿಂಗೋಸ್ಕೋಪ್ ಬಲ್ಬ್ ಹತ್ತುತ್ತಾ ಅಂತ ದಿನಾ ನೋಡಬೇಕು. ಆಂಬು ಬ್ಯಾಗ್‌ನ ಬಾಯಿ ಅಂಗೈಯಿಂದ ಮುಚ್ಚಿ ಒತ್ತಿ. ಒತ್ತಡ ಕೈಗೆ ತಾಗದೆ ಗಾಳಿ ಎಲ್ಲೋ ಸೋರಿದರೆ ಬದಲಿಸಿ. ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಮೆಷಿನ್) ಪ್ಲಗ್‌ನಲ್ಲೇ ಇರಲಿ. ಅದರ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕುವವರು ಪ್ರತಿ ವಾರ್ಡಿನಲ್ಲೂ ಒಬ್ಬರಿರುತ್ತಾರೆ!

ಆಕ್ಸಿಜನ್ ಲೆಕ್ಕ ಎಲ್ಲರಿಗೂ ಬಾಯಿಗೆ ಬರಬೇಕು. ಟ್ರಾಲಿ ಜೊತೆ ಹೋಗುವ ಬಿ ಟೈಪ್ ಸಿಲಿಂಡರ್ ತುಂಬಿದ್ದಾಗ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಮುಳ್ಳು ಕಾಲು ಭಾಗಕ್ಕೆ ಬಂದಿದ್ದರೆ ನಲವತ್ತು ನಿಮಿಷವೂ ಇಲ್ಲ. ಸಿ.ಟಿ. ಸ್ಕ್ಯಾನ್‌ಗೆ ಹೋಗಿ, ಲಿಫ್ಟ್‌ಗೆ ಕಾದು, ವಾಪಸ್ ಬರುವುದಕ್ಕೆ ಅದು ಸಾಲದು.

ಒಂದು ರಾತ್ರಿ ಹೈವೇ ಅಪಘಾತದ ಹುಡುಗನೊಬ್ಬನನ್ನು ಸಿ.ಟಿ.ಗೆ ಒಯ್ಯಬೇಕಿತ್ತು. ಸಿಲಿಂಡರ್ ಪೂರ್ತಿ ತುಂಬಿತ್ತು. ತೆರೆಯುವ ಕೀ ಇರಲಿಲ್ಲ. ಡ್ರಾಯರ್ ಎಲ್ಲ ಎಳೆದೆವು, ಟ್ರಾಲಿ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟೆವು. ವಾರ್ಡ್ ಬಾಯ್ ಎರಡು ಮಹಡಿ ಓಡಿ ಐಸಿಯುನಿಂದ ತಂದ. ಅಷ್ಟರಲ್ಲಿ ಸ್ಯಾಚುರೇಶನ್ 84. ಹುಡುಗ ಉಳಿದ, ನನ್ನ ಕೈ ನಡುಕ ಬೆಳಗಿನವರೆಗೂ ನಿಲ್ಲಲಿಲ್ಲ. ಅವತ್ತಿನಿಂದ ನನ್ನ ವಾರ್ಡಿನಲ್ಲಿ ಪ್ರತಿ ಸಿಲಿಂಡರ್ ಕುತ್ತಿಗೆಗೆ ಕೀ ಅನ್ನು ಡ್ರಿಪ್ ಸೆಟ್ ಟ್ಯೂಬಿನಿಂದ ಕಟ್ಟಿರುತ್ತೇವೆ. ನೋಡೋಕೆ ಚೆನ್ನಾಗಿಲ್ಲ, ಇನ್‌ಸ್ಪೆಕ್ಷನ್‌ನವರು ಮೂಗು ಮುರಿಯುತ್ತಾರೆ. ಮುರೀಲಿ.

## ಹಂತ 4: ರೋಗಿಗಳನ್ನು ಹಂಚಿ, ಬೆಡ್ ಎಣಿಸಿ ಹಂಚಬೇಡಿ

ಬಹಳ ವಾರ್ಡುಗಳಲ್ಲಿ ‘ನೀನು ಇಂಜೆಕ್ಷನ್, ನೀನು ಬಿಪಿ, ನೀನು ಕೇಸ್‌ಶೀಟ್’ ಅಂತ ಹಂಚುತ್ತಾರೆ. ಬೇಗ ಮುಗಿಯುತ್ತದೆ ನಿಜ. ಆದರೆ 12ನೇ ಬೆಡ್ ರೋಗಿ ಯಾರವರು ಅಂತ ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ರೋಗಿಗಳನ್ನು ಹಂಚಿ. ಬೋರ್ಡ್ ಮೇಲೆ ಬೆಡ್ ನಂಬರ್ ಪಕ್ಕ ಸಿಸ್ಟರ್ ಅಥವಾ ಬ್ರದರ್ ಹೆಸರು ಬರೆಯಿರಿ.

ಮೂವತ್ತು ಬೆಡ್ಡು, ಮೂರು ಜನ, ತಲಾ ಹತ್ತು ಅನ್ನುವುದು ಸೋಮಾರಿ ಲೆಕ್ಕ. ತಿರುಗಿಸಿ ಮಲಗಿಸಬೇಕಾದವರು, ಹೊಸ ಆಪರೇಷನ್ ಆದವರು, ರಕ್ತ ಹೋಗುತ್ತಿರುವವರು, ಗೊಂದಲದಲ್ಲಿ ಎದ್ದು ಓಡುವ ಅಜ್ಜ, ಇವರೆಲ್ಲ ಒಬ್ಬರ ಪಾಲಿಗೇ ಬೀಳಬಾರದು. ಹೊಸಬರ ಪಕ್ಕದ ಬೆಡ್‌ಗಳಿಗೆ ಹಳಬರನ್ನು ಹಾಕಿ. ಕಣ್ಣಳತೆಯಲ್ಲಿ ಒಬ್ಬರಿದ್ದರೆ ಕೇಳೋಕೆ ನಾಚಿಕೆ ಆಗಲ್ಲ.

ನೀವು ಯಾವ ಬೆಡ್ಡೂ ತಗೊಳ್ಳಬೇಡಿ. ತೀರಾ ಜನ ಕಡಿಮೆ ಇದ್ದರೆ ಹಗುರವಾದ ಎರಡು ತಗೊಳ್ಳಿ, ಅಷ್ಟೇ. ಕ್ಯಾನುಲಾ ಸಿಗದ ಹುಡುಗಿಯ ಪಕ್ಕ ನಿಂತುಕೊಳ್ಳಿ, ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಹಿಡಿಯಿರಿ, ಸೂಜಿ ಅವಳ ಕೈಯಲ್ಲೇ ಇರಲಿ. ಎರಡು ಸಲ ತಪ್ಪಿದರೆ ಮೂರನೆಯದಕ್ಕೆ ಬೇರೊಬ್ಬರನ್ನು ಕರೆಯಿರಿ. ರೋಗಿಯ ಕೈ ಪಾಠದ ಹಲಗೆಯಲ್ಲ.

## ಹಂತ 5: ಔಷಧಿ ಕಪಾಟು

ಇಲ್ಲಿ ತಪ್ಪುಗಳು ಹೊಸದಾಗಿ ಹುಟ್ಟುವುದಿಲ್ಲ. ಅವೇ ಮೂರು ನಾಲ್ಕು ಮತ್ತೆ ಮತ್ತೆ ಬರುತ್ತವೆ.

ಇನ್ಸುಲಿನ್: ನಮ್ಮಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದ್ದೂ ಇದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಬಾಟಲಿಯಿಂದ ಕೆಂಪು ಸಿರಿಂಜ್‌ನಲ್ಲಿ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಹೋಗುತ್ತದೆ. ಸಾಧ್ಯವಾದರೆ ಒಂದೇ ಬಗೆಯ ಬಾಟಲಿ ತರಿಸಿ. ಆಗದಿದ್ದರೆ ಬಾಟಲಿ ಮತ್ತು ಅದರ ಸಿರಿಂಜ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಿ. ರೋಗಿಯ ಮನೆಯವರು ತಂದುಕೊಟ್ಟ ಬಾಟಲಿ ಯಾವುದು ಅಂತ ಲೇಬಲ್ ಓದದೆ ಮುಟ್ಟಬೇಡಿ.

ಇನ್ಸುಲಿನ್ ಕೊಟ್ಟ ಮೇಲೆ ತಿಂಡಿ ಬಂತಾ ಅಂತ ನೋಡುವವರು ಯಾರು? ಕೊಟ್ಟವರೇ. ನಮ್ಮ ಊರಲ್ಲಿ ಇನ್ನೊಂದು ಪೇಚು. ಡಯಟ್ ಟ್ರೇ ಪಕ್ಕಕ್ಕಿಟ್ಟು, ಹೊರಗಿಂದ ಬಂದ ಬೆಣ್ಣೆ ದೋಸೆಯನ್ನು ಹೊದಿಕೆ ಮರೆಯಲ್ಲಿ ತಿಂದಿರುತ್ತಾರೆ. ಬೈದರೆ ಮುಚ್ಚಿಡುತ್ತಾರೆ. ‘ಎಷ್ಟು ತಿಂದ್ರಿ?’ ಅಂತ ನಗುತ್ತಾ ಕೇಳಿ, ನಿಜ ಹೇಳುತ್ತಾರೆ.

ಪೊಟ್ಯಾಸಿಯಂ ಕ್ಲೋರೈಡ್: ಇದರ ಆಂಪ್ಯೂಲ್ ಅನ್ನು ನೇರವಾಗಿ ನರಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಡ್ರಿಪ್‌ನಲ್ಲಿ ಬೆರೆಸಿಯೇ ಕೊಡಬೇಕು. ಡಿಸ್ಟಿಲ್ಡ್ ವಾಟರ್, ಸಲೈನ್ ಆಂಪ್ಯೂಲ್‌ಗಳ ಟ್ರೇಯಲ್ಲಿ ಇದು ಇರಲೇಬಾರದು. ಬೇರೆ ಡಬ್ಬಿ, ಕೆಂಪು ಲೇಬಲ್, ಇಬ್ಬರು ನೋಡಿ ಬೆರೆಸುವುದು. ಈ ಒಂದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಮಾರ್ಫಿನ್, ಫೆಂಟನಿಲ್ (ನಾರ್ಕೋಟಿಕ್, ಅಂದರೆ ಅಮಲಿನ ನೋವುನಿವಾರಕಗಳು): ಎರಡು ಬೀಗದ ಕಪಾಟು. ಕೀ ಕೈಯಿಂದ ಕೈಗೆ ಹೋಗಬೇಕು, ಡ್ರಾಯರ್ ಮೂಲಕ ಹೋಗಬಾರದು. ಪ್ರತಿ ಶಿಫ್ಟ್ ಬದಲಾದಾಗ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಬೇಕು. ಅರ್ಧ ಆಂಪ್ಯೂಲ್ ಉಳಿದರೆ ಚೆಲ್ಲಿದ್ದಕ್ಕೂ ಸಾಕ್ಷಿ ಬೇಕು.

ರಕ್ತ: ವಾರ್ಡಿಗೆ ಬಂದ ಚೀಲವನ್ನು ವಾರ್ಡ್ ಫ್ರಿಡ್ಜ್‌ನಲ್ಲಿ ಇಡಬೇಡಿ. ಬ್ಲಡ್ ಬ್ಯಾಂಕ್ ಬಿಟ್ಟ ಅರ್ಧ ಗಂಟೆಯಲ್ಲಿ ಶುರುವಾಗಬೇಕು, ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಹೆಸರು, ಗುಂಪು, ಚೀಲದ ನಂಬರ್ ಇಬ್ಬರು ಬೆಡ್ ಪಕ್ಕ ನಿಂತು ಓದಬೇಕು. ಮೊದಲ 15 ನಿಮಿಷ ಸಿಸ್ಟರ್ ಅಲ್ಲಿಂದ ಕದಲಬಾರದು. ಚಳಿ, ಬೆನ್ನು ನೋವು, ಮೈ ತುರಿಕೆ ಅಂದರೆ ಮೊದಲು ನಿಲ್ಲಿಸಿ, ಆಮೇಲೆ ಫೋನ್.

## ಹಂತ 6: ರೌಂಡ್ಸ್ ಮತ್ತು ಡಿಸ್ಚಾರ್ಜ್

ಡಾಕ್ಟರ್ ರೌಂಡ್ಸ್‌ಗೆ ಆ ಬೆಡ್ಡಿನ ಸಿಸ್ಟರ್ ಮಾತಾಡಲಿ, ನೀವು ಹಿಂದೆ ನಿಂತು ಬಾಯಿಮಾತಿನ ಆರ್ಡರ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ರೌಂಡ್ಸ್ ಮುಗಿದ ಮೇಲೆ ಕೇಸ್‌ಶೀಟ್ ಜೊತೆ ತಾಳೆ ನೋಡಿ. ಹೇಳಿದ್ದು ಹತ್ತು, ಬರೆದದ್ದು ಎಂಟು ಆಗಿರುತ್ತದೆ. ಆ ಎರಡನ್ನು ಅವರು ಹೊರಡುವ ಮೊದಲೇ ಬರೆಸಿಕೊಳ್ಳಿ.

ಡಿಸ್ಚಾರ್ಜ್ ಹಿಂದಿನ ದಿನವೇ ಶುರುವಾಗಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸೇರಿದವರ ಕಾಗದಪತ್ರ ಒಂದು ದಿನ ಮುಂಚೆಯೇ ನೋಡಿಕೊಳ್ಳಿ. ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಯವರಿಗೆ ಸಂಜೆ ಆರಕ್ಕೆ ಚೀಟಿ ಕೊಟ್ಟರೆ ಬಸ್ ತಪ್ಪಿ ರಾತ್ರಿಯೆಲ್ಲ ವರಾಂಡದಲ್ಲೇ ಮಲಗುತ್ತಾರೆ.

## ಹಂತ 7: ಈಗ ಡ್ಯೂಟಿ ಲಿಸ್ಟ್

ಎರಡನೇ ವಾರದಲ್ಲಿ ಇದಕ್ಕೆ ಕೈ ಹಾಕಿ. ಪೆನ್ಸಿಲ್‌ನಲ್ಲಿ.

ಮೊದಲು ಲೆಕ್ಕ. ಹನ್ನೆರಡು ಜನ ಇದ್ದಾರೆ ಅಂದುಕೊಳ್ಳಿ. ಬೆಳಿಗ್ಗೆ 4, ಮಧ್ಯಾಹ್ನ 2, ರಾತ್ರಿ 2. ದಿನಕ್ಕೆ 8, ವಾರಕ್ಕೆ 56 ಡ್ಯೂಟಿ. ಹನ್ನೆರಡು ಜನ ವಾರಕ್ಕೆ ಆರು ದಿನ ಬಂದರೆ 72, ಬೇಕಾದಷ್ಟಾಯಿತು ಅನಿಸುತ್ತದೆ. ಇಲ್ಲೇ ಎಲ್ಲರೂ ಬೀಳೋದು. ನೈಟ್ ಆಫ್, ಸಿಎಲ್, ಜ್ವರ, ಹೆರಿಗೆ ರಜೆ, ಟ್ರೈನಿಂಗ್ ಎಲ್ಲ ಇದ್ದೇ ಇದೆ. ಅದಕ್ಕೇ ಭಾರತೀಯ ನರ್ಸಿಂಗ್ ಪರಿಷತ್ತು ರಜೆಗಾಗಿ 30% ಜಾಸ್ತಿ ಜನ ಇರಬೇಕು ಅನ್ನುತ್ತದೆ. ಅಂದರೆ ಹನ್ನೆರಡರಲ್ಲಿ ನೀವು ನಂಬಬಹುದಾದವರು ಒಂಬತ್ತು. ಒಂಬತ್ತು ಆರಲಿ 54. ಲಿಸ್ಟ್ ಬರೆಯುವ ಮೊದಲೇ ಎರಡು ಡ್ಯೂಟಿ ಕಡಿಮೆ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟ್ ಮುಂದೆ ಇಡಿ. ಸಾಮಾನ್ಯ ವಾರ್ಡಿಗೆ ಪರಿಷತ್ತಿನ ಅಳತೆ ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬರು, ಬೇರೆಡೆ ಐದಕ್ಕೆ ಒಬ್ಬರು. ಅಷ್ಟು ಕೊಡುವುದಿಲ್ಲ, ಗೊತ್ತು. ಆದರೂ ‘ಜನ ಸಾಲಲ್ಲ ಮೇಡಂ’ ಅನ್ನುವ ಮಾತಿಗಿಂತ 56 ಮತ್ತು 54 ಅನ್ನುವ ಹಾಳೆಗೆ ಬೆಲೆ ಜಾಸ್ತಿ.

ಬರೆಯುವ ಕ್ರಮ ಹೀಗೆ. ಮೊದಲು ರಾತ್ರಿ ತುಂಬಿ. ರಾತ್ರಿ ಇಬ್ಬರೂ ಹೊಸಬರಾಗಿರಬಾರದು. ಇದು ಮುರಿಯಬಾರದ ನಿಯಮ. ಆಮೇಲೆ ನೈಟ್ ಮುಗಿಸಿದವರ ಆಫ್. ಆಮೇಲೆ ಮಂಜೂರಾದ ರಜೆ. ಆಮೇಲೆ ಮಧ್ಯಾಹ್ನದ ಶಿಫ್ಟ್. ಬೆಳಿಗ್ಗೆ ಕೊನೆಗೆ, ಯಾಕೆಂದರೆ ಬೆಳಿಗ್ಗೆ ನೀವೇ ಇರುತ್ತೀರಿ. ಮಧ್ಯಾಹ್ನದ ಶಿಫ್ಟ್ ಎಂಟಕ್ಕೆ ಬಿಟ್ಟರೆ ಹರಿಹರಕ್ಕೆ ಹೋಗುವವರಿಗೆ ಬಸ್ ಸಿಗುತ್ತದೆ, ಒಳಗಿನ ಹಳ್ಳಿಯವರಿಗೆ ಸಿಗುವುದಿಲ್ಲ. ಅದೂ ನಿಮ್ಮ ತಲೆಯಲ್ಲಿರಲಿ.

ಯುಗಾದಿ, ದೀಪಾವಳಿ, ಕ್ರಿಸ್‌ಮಸ್, ರಂಜಾನ್, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ. ಇವಕ್ಕೆ ಬೇರೆ ಪುಟ ಇಡಿ. ಕಳೆದ ಸಲ ಯಾರು ಡ್ಯೂಟಿ ಮಾಡಿದರು ಅಂತ ಅದರಲ್ಲಿ ಹೆಸರಿರಲಿ. ಜಾತ್ರೆ ವಾರ ಎಲ್ಲರ ಮನೆಗೂ ನೆಂಟರು ಬರುತ್ತಾರೆ, ಎಲ್ಲರಿಗೂ ರಜೆ ಬೇಕು. ಆ ಪುಟ ತೆರೆದು ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಲಿಸ್ಟ್ ಕನಿಷ್ಠ ಒಂದು ವಾರ ಮುಂಚೆ ಗೋಡೆಗೆ ಬರಲಿ. ಡ್ಯೂಟಿ ಬದಲಿಸಿಕೊಂಡರೆ ಇಬ್ಬರ ಸಹಿಯೂ ಅದರ ಮೇಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ ಅಕ್ಕ’ ಅಂದದ್ದು ಲೆಕ್ಕಕ್ಕಿಲ್ಲ.

## ಹಂತ 8: ಕಸದ ಡಬ್ಬಿ, ಸೂಜಿ

ಬಣ್ಣ ಎಲ್ಲರಿಗೂ ಗೊತ್ತು ಅಂದುಕೊಳ್ಳಬೇಡಿ. ರಕ್ತದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ. ಡ್ರಿಪ್ ಸೆಟ್, ಕ್ಯಾಥೆಟರ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿ ಗಟ್ಟಿ ಡಬ್ಬಿಗೆ. ಗಾಜಿನ ಆಂಪ್ಯೂಲ್, ವಯಲ್ ನೀಲಿಗೆ. 2016ರ ಆಸ್ಪತ್ರೆ ತ್ಯಾಜ್ಯ (ಬಯೋಮೆಡಿಕಲ್ ವೇಸ್ಟ್) ನಿಯಮದಂತೆ 48 ಗಂಟೆ ಮೀರಿ ಕಸ ಉಳಿಯಬಾರದು. ಬಿಳಿ ಡಬ್ಬಿ ಮುಕ್ಕಾಲು ತುಂಬಿದಾಗಲೇ ಬದಲಿಸಿ. ತುಂಬಿ ತುಳುಕುವ ಡಬ್ಬಿಗೆ ಒತ್ತಿ ತುರುಕುವಾಗಲೇ ಕೈಗೆ ಚುಚ್ಚೋದು.

ಚುಚ್ಚಿದರೆ: ಸೋಪು ನೀರಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗಿಡಬೇಡಿ. ತಕ್ಷಣ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಗೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಯಾರ್‍ಯಾರಿಗೆ ಆಗಿದೆ ಅಂತ ಪಟ್ಟಿ ಮಾಡಿ. ಆಯಾಗಳನ್ನು ಮರೆಯಬೇಡಿ, ಮೊದಲು ಚುಚ್ಚಿಸಿಕೊಳ್ಳುವವರು ಅವರೇ.

## ಹಂತ 9: ತಪ್ಪಾದಾಗ

ತಪ್ಪು ಆಗುತ್ತದೆ. ಕ್ರಮ ಇಷ್ಟೇ: ಮೊದಲು ರೋಗಿ, ಆಮೇಲೆ ಡಾಕ್ಟರ್, ಆಮೇಲೆ ಬರಹ, ಕೊನೆಗೆ ಮಾತುಕತೆ. ಮಾತುಕತೆ ಬೆಡ್ ಪಕ್ಕ ಬೇಡ, ರೋಗಿಯ ಮನೆಯವರ ಎದುರು ಬೇಡವೇ ಬೇಡ. ‘ಯಾರು ಮಾಡಿದ್ದು?’ ಅಂತ ಶುರು ಮಾಡಿದರೆ ಮುಂದಿನ ತಪ್ಪು ನಿಮ್ಮವರೆಗೆ ಬರುವುದೇ ಇಲ್ಲ. ‘ಏನಾಯಿತು, ಮೊದಲಿಂದ ಹೇಳು’ ಅನ್ನಿ. ಕೇಸ್‌ಶೀಟ್‌ನಲ್ಲಿ ಆದದ್ದನ್ನು ಆದ ಸಮಯದ ಜೊತೆ ಬರೆಸಿ. ವೈಟ್ನರ್ ಹಚ್ಚಲು, ಹಾಳೆ ಬದಲಿಸಲು ಯಾರು ಹೇಳಿದರೂ ಒಪ್ಪಬೇಡಿ.

## ವಾರ್ಡ್ ಕೆಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ

ಚಾರ್ಟ್ ಮಧ್ಯಾಹ್ನವೇ ರಾತ್ರಿ ಎಂಟರವರೆಗೆ ತುಂಬಿರುತ್ತದೆ. ಕಾಲ್ ಬೆಲ್ ಬದಲು ರೋಗಿಯ ಮನೆಯವರೇ ಖಾಲಿ ಡ್ರಿಪ್ ಬಾಟಲಿ ಹಿಡಿದು ಸ್ಟೇಷನ್‌ಗೆ ಬರುತ್ತಾರೆ. ಒಬ್ಬರೇ ಸತತ ಮೂರು ಸಲ ಬೇರೆಯವರ ನೈಟ್ ತಗೊಂಡಿರುತ್ತಾರೆ. ಎರಡು ತಿಂಗಳಿಂದ ಒಂದೂ ತಪ್ಪಿನ ವರದಿ ಇರುವುದಿಲ್ಲ. ಈ ಕೊನೆಯದನ್ನು ನೋಡಿ ಖುಷಿಪಡುವವರೇ ಜಾಸ್ತಿ. ನನಗೆ ಮಾತ್ರ ಎದೆ ಧಸಕ್ ಅನ್ನುತ್ತದೆ.

## ಹಂತ 10: ಒಂದು ದಿನ ರಜೆ ಹಾಕಿ

ನಾಲ್ಕನೇ ವಾರ, ಮಂಗಳವಾರವೋ ಬುಧವಾರವೋ, ಕೆಲಸ ಜಾಸ್ತಿ ಇರುವ ದಿನವೇ ರಜೆ ಹಾಕಿ. ಫೋನ್ ಆನ್ ಇರಲಿ, ನೀವಾಗಿ ಮಾಡಬೇಡಿ. ಬಂದ ಪ್ರತಿ ಕರೆಯನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ‘ಅಕ್ಕ, ನಾರ್ಕೋಟಿಕ್ ಕೀ ಯಾರ ಹತ್ರ?’ ‘ಸಕ್ಷನ್ ರಿಪೇರಿಯವರ ನಂಬರ್ ಕೊಡಿ.’ ‘9ನೇ ಬೆಡ್ ಡಿಸ್ಚಾರ್ಜ್ ಕಾಗದ ಎಲ್ಲಿಟ್ಟಿದ್ದೀರಿ?’ ನನ್ನ ಮೊದಲ ರಜೆಯಲ್ಲಿ ಹದಿನೇಳು ಕರೆ ಬಂದಿದ್ದವು. ಮರುದಿನ ಆ ಹದಿನೇಳಕ್ಕೂ ಗೋಡೆ ಮೇಲೋ, ಡಬ್ಬಿಯ ಲೇಬಲ್ ಮೇಲೋ, ಒಬ್ಬರ ಹೆಸರಿನ ಮುಂದೋ ಉತ್ತರ ಬರೆದೆ. ಮುಂದಿನ ತಿಂಗಳ ರಜೆಯಲ್ಲಿ ನಾಲ್ಕು ಬಂತು. ಅದರಲ್ಲಿ ಒಂದು, ಊಟ ಆಯ್ತಾ ಅಂತ ಕೇಳೋಕೆ.